ಎಳೆ ನಡುಗುವಷ್ಟು

ಇಳಕಲ್
23 ಜೂನ್ 2024

ಬೇಟಾ ಅರ್ಜುಗೆ ಅಬ್ಬಾನ ದುವಾ.

ನೀನು ಬಾಗಲಕೋಟೆಯ ಕ್ರೀಡಾ ಹಾಸ್ಟೆಲ್ ಸೇರಿ ಎರಡು ವಾರವಾಯಿತು. ಅಲ್ಲಿ ಫೋನು ಕೈಗೆ ಕೊಡುವುದು ರವಿವಾರ ಮಾತ್ರ. ನೀನು “ಹೂಂ ಅಬ್ಬಾ, ಆತ್ರಿ ಅಬ್ಬಾ” ಎನ್ನುವುದರೊಳಗೆ ಹಿಂದೆ ನಿಂತ ಹುಡುಗಿಯ ಸರದಿ ಬಂದುಬಿಡುತ್ತದೆ. ಅದಕ್ಕೆ ಕಾಗದ ಬರೆಯುವುದೆಂದು ತೀರ್ಮಾನಿಸಿದ್ದೇನೆ. “ಈಗಿನ ಕಾಲದಾಗ ಯಾರ್ ಬರೀತಾರ ಕಾಗದಾ?” ಎಂದು ನಿನ್ನ ಅಮ್ಮಿ ನಗುತ್ತಿದ್ದಾಳೆ. ನಗಲಿ. ವಿಡಿಯೊ ಕಾಲ್ ಯಾಕಿಲ್ಲ ಎಂದು ನೀನು ಜಗಳ ತೆಗೆಯಬೇಡ. ಫೋನಿನ ಕ್ಯಾಮೆರಾ ಮಸುಕಾಗಿದೆ.

ಹೊರಡುವ ದಿನ ಮುಖ ಊದಿಸಿಕೊಂಡು ಬಸ್ಸು ಹತ್ತಿದೆ. ಕಾರಣ ನನಗೆ ಗೊತ್ತು. ಮನೆಯಲ್ಲಿ ಆಡಿದ ಕೊನೆಯ ಆಟದಲ್ಲಿ ನಿನ್ನ ಪಂಚಿಗೆ ನಾನು ಪಾಯಿಂಟ್ ಕೊಡಲಿಲ್ಲ. ಅದು ಒಳಗೆ ಹೋಗಿತ್ತು, ಹೇಗೆ ಕೊಡಲಿ? ಈ ಊರಿನ ಎಷ್ಟು ಮಕ್ಕಳಿಗೆ ಕರಾಟೆ ಕಲಿಸಿದೆನೋ, ಒಬ್ಬರಿಗೂ ಪುಕ್ಕಟೆ ಪಾಯಿಂಟ್ ಕೊಟ್ಟವನಲ್ಲ. ಹೆತ್ತ ಮಗಳಾದರೇನು?

ಇನ್ನೊಮ್ಮೆ ಹೇಳುತ್ತೇನೆ, ಕೇಳು. ಇಷ್ಟು ದಿನ ನೀನು ಚಿಕ್ಕವರ ವಿಭಾಗದಲ್ಲಿದ್ದೆ. ಮುಖಕ್ಕೆ ಹೊಡೆದ ಪಂಚ್ ಮುಟ್ಟುವ ಮೊದಲೇ ನಿಲ್ಲಬೇಕಿತ್ತು, ಗ್ಲೌಜ್ ತಾಗಿದರೆ ಪಾಯಿಂಟ್ ಇರಲಿಲ್ಲ. ಈಗ ಹದಿನೆಂಟು ತುಂಬಿದೆ, ದೊಡ್ಡವರ ಜೊತೆ ಆಡಬೇಕು. ಅಲ್ಲಿ ಚರ್ಮಕ್ಕೆ ತಾಗಬಹುದು, ಒಳಗೆ ಇಳಿಯಬಾರದು. ಗಂಟಲಿಗೆ ಮಾತ್ರ ಯಾವ ವಯಸ್ಸಿನಲ್ಲೂ ಮುಟ್ಟುವಂತಿಲ್ಲ. ದೂರದಲ್ಲೇ ನಿಂತರೆ ಆಡಿಯೂ ಆಡದ ಹಾಗೆ, ಜೋರಾಗಿ ತಾಗಿದರೆ ವಾರ್ನಿಂಗ್. ಮಗ್ಗದ ಎರಡು ಕಂಬಗಳ ನಡುವೆ ರೇಷ್ಮೆ ಎಳೆ ಕಟ್ಟಿ ನಿನ್ನನ್ನು ಅದರ ಮುಂದೆ ನಿಲ್ಲಿಸಿದ್ದು ಇದಕ್ಕೇ. ಎಳೆ ನಡುಗಬೇಕು, ಹರಿಯಬಾರದು. ನಿನಗೆ ಅದು ಬಂದಿದೆ. ಬಂದದ್ದನ್ನು ಮರೆಯಬೇಡ.

ರೇಷ್ಮೆ ಸುತ್ತಿ ಕೊಡುವ ಸೋಮವ್ವ ದಿನಾ ನಿನ್ನನ್ನು ಕೇಳುತ್ತಾಳೆ. ನನ್ನ ಕಣ್ಣಿನ ಕೆಂಪು ಇಳಿದಿದೆ, ಅದರ ಬಗ್ಗೆ ಬರೆದು ಹಾಳೆ ಕೆಡಿಸಬೇಡ. ಹೊಟ್ಟೆ ತುಂಬ ಊಟ ಮಾಡು.

ನಿನ್ನ ಅಬ್ಬಾ,
ಇಮಾಮಹುಸೇನ

*

ಇಳಕಲ್
7 ಜುಲೈ 2024

ತಂಗಿ ದಾನೇಶ್ವರಿ,

ಹುನಗುಂದದ ಶಾಲೆಯ ಹಾಲಿನಲ್ಲಿ ನನ್ನ ಹತ್ತಿರ ಕಲಿತ ಮೊದಲ ಹುಡುಗಿ ನೀನು. ಈಗ ವಿದ್ಯಾಗಿರಿಯ ಹಾಸ್ಟೆಲ್ಲಿನಲ್ಲಿ ನನ್ನ ಮಗಳಿಗೆ ನೀನೇ ಕೋಚ್. ಆ ಧೈರ್ಯದಿಂದ ಒಂದು ಮಾತು ಕೇಳುತ್ತಿದ್ದೇನೆ.

ನನ್ನ ಬಲಗಣ್ಣು ಹೋಗಿದೆ. ಅರ್ಜುವಿನ ಪಂಚ್ ತಾಗಿ ಹೋಯಿತು. ಅವಳಿಗೆ ಗೊತ್ತಿಲ್ಲ, ಗೊತ್ತಾಗಬಾರದು.

ಹೇಗಾಯಿತು ಎಂದು ನೀನು ಕೇಳುತ್ತೀಯ. ಎಳೆಯ ಮೇಲೆ ಅವಳ ಮುಷ್ಟಿ ಚೆನ್ನಾಗಿ ನಿಲ್ಲತೊಡಗಿತ್ತು. ಆದರೆ ಎಳೆ ಹಿಂದೆ ಸರಿಯುವುದಿಲ್ಲ, ಮುಂದೆ ಬರುವುದಿಲ್ಲ. ಮುಖ ಬರುತ್ತದೆ. ಮುಖದ ಮೇಲೆ ಕಲಿಯದೆ ದೊಡ್ಡವರ ಜೊತೆ ಆಡುವುದು ಹೇಗೆ? ಬೇರೆಯವರ ಮಗಳ ಮುಖ ಕಲಿಯಲು ಕೊಡಿ ಎಂದು ಕೇಳಲು ನನಗೆ ಮನಸ್ಸಾಗಲಿಲ್ಲ. ನಾನೇ ನಿಂತೆ. ತುಂಬ ಚೆನ್ನಾಗಿ ಆಡುತ್ತಿದ್ದಳು, ಕೆನ್ನೆಗೆ ತಾಗಿದ್ದೇ ಗೊತ್ತಾಗುತ್ತಿರಲಿಲ್ಲ. ನಿಜಕ್ಕೂ ತಾಗಿತೋ ಇಲ್ಲವೋ ಎಂದು ನೋಡಬೇಕೆನಿಸಿತು. ನೇಕಾರನಿಗೆ ಎಳೆಯ ಮೇಲೆ ಸಂಶಯ ಬಂದರೆ ಮುಖ ಅದರ ಹತ್ತಿರ ಹೋಗಿಬಿಡುತ್ತದೆ, ಯಾರೂ ಹೇಳಬೇಕಿಲ್ಲ. ಹಾಗೆಯೇ ಬಗ್ಗಿದೆ. ಅದೇ ಹೊತ್ತಿಗೆ ಅವಳ ಕೈ ಬಂತು.

ಅವಳ ಮುಂದೆ ನಕ್ಕೆ. ಒಳಗೆ ಹೋಯಿತು, ಪಾಯಿಂಟ್ ಇಲ್ಲ ಎಂದೆ. ಆಮೇಲೆ ಕಣ್ಣ ಮುಂದೆ ಕರಿ ಪರದೆ ಇಳಿಯುತ್ತ ಬಂತು. ಅವಳು ಹಾಸ್ಟೆಲ್ಲಿಗೆ ಹೋಗುವ ತನಕ ತಡೆದೆ. ಹುಬ್ಬಳ್ಳಿಯಲ್ಲಿ ತೋರಿಸಿದಾಗ ಕಣ್ಣಿನ ಹಿಂದಿನ ಪೊರೆ ಕಳಚಿದೆ ಎಂದರು, ಆಪರೇಶನ್ನೂ ಮಾಡಿದರು. ಕೂಡಲೇ ಬಂದಿದ್ದರೆ ಉಳಿಯುತ್ತಿತ್ತಂತೆ. ಕೂಡಲೇ ಹೋಗಿದ್ದರೆ ಅರ್ಜು ಹಾಸ್ಟೆಲ್ಲಿಗೆಂದು ಕಟ್ಟಿದ ಗಂಟು ಬಿಚ್ಚಿಟ್ಟು ನನ್ನ ಹಾಸಿಗೆಯ ಪಕ್ಕ ಕುಳಿತುಬಿಡುತ್ತಿದ್ದಳು.

ನನ್ನ ಎಡಗಣ್ಣು ಹುಟ್ಟಿದಾಗಿನಿಂದ ಮಂದ ಎಂಬುದು ನಿನಗೆ ಗೊತ್ತಿದೆ. ಬೆಳಕು, ಆಕಾರ, ದೊಡ್ಡ ಅಕ್ಷರ, ಇಷ್ಟು ಕಾಣುತ್ತದೆ. ಸೀರೆಯ ಒಡಲನ್ನು ಕೈಕಾಲಿನ ರೂಢಿಯಿಂದ ನೇಯುತ್ತೇನೆ. ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಸೇರಿಸುವ ಕೆಲಸ ಈಗ ಅರ್ಜುವಿನ ಅಮ್ಮಿ ಕಾಸಿಂಬಿಯದು.

ಅರ್ಜುಗೆ ತಿಳಿದರೆ ಅವಳ ಕೈ ನಿಂತುಹೋಗುತ್ತದೆ, ತಂಗಿ. ಯಾವ ಮುಖದ ಹತ್ತಿರ ಹೋದರೂ ನನ್ನ ಕಣ್ಣು ಕಾಣುತ್ತದೆ. ನವೆಂಬರಿನಲ್ಲಿ ರಾಜ್ಯ ತಂಡದ ಆಯ್ಕೆ ಮುಗಿಯುವ ತನಕ ನೀನು ಬಾಯಿ ಬಿಡಬೇಡ. ಆಮೇಲೆ ನಾನೇ ಹೇಳುತ್ತೇನೆ.

ನಿನ್ನ ಹಳೆಯ ಮಾಸ್ತರ,
ಇಮಾಮಹುಸೇನ

*

ವಿದ್ಯಾಗಿರಿ, ಬಾಗಲಕೋಟೆ
11 ಆಗಸ್ಟ್ 2024

ಅಬ್ಬಾಗೆ ಅರ್ಜುವಿನ ಸಲಾಮ್.

ಪುಕ್ಕಟೆ ಪಾಯಿಂಟ್ ಕೊಡದ ಅಬ್ಬಾ, ಇದನ್ನು ಅಮ್ಮಿಗೂ ಜೋರಾಗಿ ಓದಿ ಹೇಳಿರಿ. ಬಾದಾಮಿಯಲ್ಲಿ ಜಿಲ್ಲೆಯ ಆಟ ಇತ್ತು. ಗೆದ್ದೆ.

ಕೊನೆಯ ಆಟದಲ್ಲಿ ನನ್ನ ಎದುರು ಮಹೇಶ್ವರಿ ಎಂಬ ಹುಡುಗಿ. ನನಗಿಂತ ಒಂದು ಗೇಣು ಎತ್ತರ, ಅಕ್ಕ ತಂಗಿಯರೆಲ್ಲ ಬಂದು ಕೂಗುತ್ತಿದ್ದರು. ನಾನು ಎದುರಿಗೆ ನಿಮ್ಮ ಎಳೆ ಇದೆ ಎಂದುಕೊಂಡೆ. ಅವಳು ಕಾಲು ಎತ್ತುವ ಹೊತ್ತಿಗೆ ಒಳಗೆ ಹೋಗಿ ಕೆನ್ನೆಗೆ ಕೊಟ್ಟೆ. ಧ್ವಜಗಳು ಎದ್ದವು. ಅವಳ ಕೋಚ್ “ಜೋರ್ ಬಿತ್ರೀ ಅದು” ಎಂದು ಎದ್ದು ನಿಂತರು. ರೆಫ್ರಿ ಅವಳ ಮುಖ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಗುರುತೇ ಇಲ್ಲ. ಮಹೇಶ್ವರಿಯೇ ಹೇಳಿದಳು, “ಬಡದಿಲ್ರಿ ಸರ್, ಬರೇ ಗಾಳಿ ತಾಗಿದಂಗಾತು.” ಆಟ ಮುಗಿದ ಮೇಲೆ ಇಬ್ಬರೂ ಹೊರಗೆ ಕುಳಿತು ಅವಳ ಮನೆಯ ರೊಟ್ಟಿ, ಶೇಂಗಾ ಚಟ್ನಿ ತಿಂದೆವು.

ನೀವು ಇದ್ದಿದ್ದರೆ ಏನನ್ನುತ್ತಿದ್ದಿರಿ ಎಂದು ದಾನೇಶ್ವರಿ ಅಕ್ಕನನ್ನು ಕೇಳಿದೆ. ಅವರು ನೀರಿನ ಬಾಟಲಿ ತುಂಬಲು ಹೋದರು. ಇತ್ತೀಚೆಗೆ ನಿಮ್ಮ ಹೆಸರು ತೆಗೆದರೆ ಅಕ್ಕನಿಗೆ ಏನೋ ಒಂದು ಕೆಲಸ ನೆನಪಾಗುತ್ತದೆ.

ಅಬ್ಬಾ, ನಿಮ್ಮ ಅಕ್ಷರ ಯಾಕೆ ಒಂದನೇ ತರಗತಿಯ ಮಕ್ಕಳ ಅಕ್ಷರದಂತೆ ದೊಡ್ಡದಾಗಿದೆ? ಆಟಕ್ಕೆ ಯಾಕೆ ಬರಲಿಲ್ಲ? ಬಾದಾಮಿ ಏನು ದೂರ? ಆವತ್ತು ನಿಮ್ಮ ಕಣ್ಣಿಗೆ ತಾಗಿದಾಗ ನನ್ನ ಗೆಣ್ಣಿಗೂ ಗೊತ್ತಾಗಿತ್ತು. ನೀವು ನಕ್ಕಿರಿ, ಅದಕ್ಕೆ ನಾನು ಸುಮ್ಮನಾದೆ. ನಿಜ ಹೇಳಿರಿ, ಏನೂ ಆಗಿಲ್ಲ ತಾನೆ?

ನಿಮ್ಮ ಗೆದ್ದ ಮಗಳು,
ಅರ್ಜು

*

ಬಾಗಲಕೋಟೆ
2 ಸೆಪ್ಟೆಂಬರ್ 2024

ಸರ್, ಶರಣು ಶರಣಾರ್ಥಿ.

ಅರ್ಜುಗೆ ನೀವು ಬರೆದ ಉತ್ತರವನ್ನು ಅವಳು ನನಗೂ ತೋರಿಸಿದಳು. ‘ಚಷ್ಮಾ ಬದಲಿಸಿದ್ದೇನೆ, ಅದಕ್ಕೆ ಅಕ್ಷರ ದೊಡ್ಡದು’ ಎಂದು ಬರೆದಿದ್ದೀರಿ. ಹುಡುಗಿ ನಂಬಿದಳು. ಓದಿ ನಕ್ಕಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಚಿಕ್ಕವಳಿದ್ದಾಗ ನಿಮ್ಮ ಮಾತಿಗೆ ಎದುರು ಆಡಿದವಳಲ್ಲ ನಾನು. ಈಗ ಆಡುತ್ತೇನೆ. ನೀವು ಮಾಡುತ್ತಿರುವುದು ಸರಿಯಲ್ಲ. ಅವಳು ಆಡುವುದನ್ನು ನೋಡಿದರೆ ನನಗೂ ಹೊಟ್ಟೆಕಿಚ್ಚಾಗುತ್ತದೆ, ಅಷ್ಟು ಹಗುರ ಕೈ. ಈ ಜಿಲ್ಲೆಯಲ್ಲಿ ಅಂಥ ಕೈ ಇನ್ನೊಂದಿಲ್ಲ. ಆದರೆ ನಾಳೆ ಬೇರೆ ಯಾರದೋ ಬಾಯಿಂದ ತಿಳಿದರೆ? ಹೊಡೆದ ನೋವಿನ ಜೊತೆ, ಎಲ್ಲರೂ ಸೇರಿ ಮುಚ್ಚಿಟ್ಟರು ಎಂಬ ನೋವೂ ಸೇರುತ್ತದೆ. ಒಂದನ್ನು ತಡೆದುಕೊಂಡಾಳು, ಎರಡನ್ನೂ ಹೇಗೆ ತಡೆಯುತ್ತಾಳೆ?

ನೀವೇ ಹೇಳಿಬಿಡಿ. ಕರೆಸಿ, ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ. ಒಂದು ವಾರ ಅಳುತ್ತಾಳೆ. ಆಮೇಲೆ ನಾನಿದ್ದೇನೆ.

ಕೊಟ್ಟ ಮಾತಿಗಾಗಿ ನಾನು ಸುಮ್ಮನಿದ್ದೇನೆ, ಒಪ್ಪಿ ಅಲ್ಲ.

ದಾನೇಶ್ವರಿ

*

ಇಳಕಲ್
27 ಅಕ್ಟೋಬರ್ 2024

ಬೇಟಾ ಅರ್ಜು,

ದಸರೆಯ ರಜೆಗೆ ಹುಡುಗಿಯರೆಲ್ಲ ಊರಿಗೆ ಹೋದರಂತೆ, ನೀನು ಮಾತ್ರ ಬರಲಿಲ್ಲ. ಅಭ್ಯಾಸಕ್ಕೆ ಅಲ್ಲೇ ಉಳಿದೆ ಎಂದು ಅಮ್ಮಿಗೆ ಫೋನಿನಲ್ಲಿ ಹೇಳಿದೆಯಂತೆ. ಒಳ್ಳೆಯದೇ. ಆದರೂ ನಿನ್ನ ಅಮ್ಮಿ ನಿನಗೆಂದು ಮಾಡಿಟ್ಟ ಮಾದಲಿಯನ್ನು ಯಾರಿಗೂ ಕೊಡದೆ ಡಬ್ಬಿಯಲ್ಲಿಟ್ಟು ನೋಡುತ್ತಿದ್ದಳು. ಕೊನೆಗೆ ನಾನೇ ತಿಂದು ಮುಗಿಸಿದೆ.

ನನ್ನ ಕಾಗದಗಳಿಗೆ ಈಗ ನೀನು ಉತ್ತರ ಬರೆಯುವುದಿಲ್ಲ. ಫೋನಿನಲ್ಲೂ ಅಮ್ಮಿಯೊಂದಿಗೆ ಎರಡು ಮಾತಾಡಿ ಇಡುತ್ತೀಯಂತೆ. ನನ್ನ ಮೇಲೆ ಸಿಟ್ಟೇ? ಆಟಕ್ಕೆ ಬರಲಿಲ್ಲವೆಂದೇ? ಆಯ್ಕೆ ಮುಗಿಯಲಿ, ನಾನೇ ಬರುತ್ತೇನೆ. ಹೇಳುವ ಮಾತೊಂದಿದೆ, ಎದುರಿಗೇ ಹೇಳುತ್ತೇನೆ.

ಸೋಮವ್ವನೂ ಈಗೀಗ ವಿಚಿತ್ರವಾಗಿದ್ದಾಳೆ. ಹಬ್ಬದ ಹಿಂದಿನ ದಿನ ಮಧ್ಯಾಹ್ನ, ಅಮ್ಮಿ ಸಂತೆಗೆ ಹೋಗಿದ್ದಾಗ, ಬಂದು ಬಾಗಿಲಲ್ಲೇ ನಿಂತಳು. ಮಾತಾಡಿಸಿದೆ, ಉತ್ತರವಿಲ್ಲ. ಹಾಗೇ ಹೋಗಿಬಿಟ್ಟಳು. ಮರುದಿನ ಕೇಳಿದರೆ, “ನಾ ಬಂದೇ ಇಲ್ರಿ ಅಣ್ಣಾರ” ಎನ್ನುತ್ತಾಳೆ.

ಎರಡು ಸಾಲಾದರೂ ಬರೆ.

ನಿನ್ನ ಅಬ್ಬಾ,
ಇಮಾಮಹುಸೇನ

*

ಬಾಗಲಕೋಟೆ
24 ನವೆಂಬರ್ 2024

ಸರ್,

ನಿನ್ನೆ ಆಯ್ಕೆ ಮುಗಿಯಿತು. ಅರ್ಜು ಸೋತಳು. ಇದನ್ನು ಫೋನಿನಲ್ಲಿ ಹೇಳಲು ನನಗಾಗಲಿಲ್ಲ. ಕಾಸಿಂಬಿ ಚಿಗವ್ವಾ, ನೀವೇ ಇದನ್ನು ಸರ್‌ಗೆ ಓದಿ ಹೇಳುತ್ತೀರಿ ಎಂದು ಗೊತ್ತು. ನಿಧಾನವಾಗಿ ಓದಿರಿ.

ಎದುರಿದ್ದ ಹುಡುಗಿ ಅರ್ಜುವಿನ ಮುಂದೆ ಏನೂ ಅಲ್ಲ. ಅವಳ ಮುಖ ಪದೇ ಪದೇ ತೆರೆದು ಸಿಕ್ಕಿತು. ಅರ್ಜು ಪ್ರತಿ ಸಲ ಸರಿಯಾಗಿ ಒಳಗೆ ಹೋದಳು, ಪ್ರತಿ ಸಲ ಕೈ ನಾಲ್ಕು ಬೆರಳು ಈಚೆಗೆ ನಿಂತುಬಿಟ್ಟಿತು. ಚಿಕ್ಕ ಮಕ್ಕಳ ವಿಭಾಗದಲ್ಲಿ ನಿಲ್ಲಿಸಬೇಕಲ್ಲ, ಹಾಗೆ. ಒಬ್ಬ ಜಡ್ಜೂ ಧ್ವಜ ಎತ್ತಲಿಲ್ಲ. ನಾನು ಕುರ್ಚಿಯಿಂದ “ಮುಟ್ಟ ಅರ್ಜು, ಮುಟ್ಟ” ಎಂದು ಕೂಗಿದೆ. ಅವಳು ನನ್ನ ಕಡೆ ಒಮ್ಮೆ ತಿರುಗಿ ನೋಡಿದಳು, ಸರ್. ಅವಳಿಗೆ ಎಲ್ಲ ತಿಳಿದಿದೆ ಎಂದು ಆ ನೋಟದಲ್ಲೇ ನನಗೆ ಗೊತ್ತಾಯಿತು.

ಆಮೇಲೆ ಅವಳು ಎರಡೂ ಕೈ ಕೆಳಗೆ ಬಿಟ್ಟು ಮುಂದೆ ನಡೆದಳು. ಆ ಹುಡುಗಿಯ ಪಂಚ್ ನೇರ ಮೂಗಿಗೆ ಬಿತ್ತು, ರಕ್ತ ಬಂತು. ಹೊಡೆದವಳು ಹೆದರಿ ಬಾಯಿಗೆ ಕೈ ಹಿಡಿದು ನಿಂತಳು. ರೆಫ್ರಿ ವಾರ್ನಿಂಗ್ ಕೊಟ್ಟದ್ದು ಅವಳಿಗಲ್ಲ, ಅರ್ಜುಗೆ. ತನ್ನನ್ನು ತಾನು ಕಾಯ್ದುಕೊಳ್ಳದೆ ಹೊಡೆತಕ್ಕೆ ಹೋಗಿ ನಿಂತರೆ ತಪ್ಪು ನಿಂತವರದೇ, ಈ ನಿಯಮ ನನಗೆ ಕಲಿಸಿದವರು ನೀವು.

ಮೂಗಿಗೆ ಹತ್ತಿ ಇಡುತ್ತ ಕೇಳಿದೆ, ಆಗ ಹೇಳಿದಳು. ಹಬ್ಬದ ಹಿಂದಿನ ದಿನ ನಿಮ್ಮ ಬಾಗಿಲಲ್ಲಿ ನಿಂತವಳು ಸೋಮವ್ವ ಅಲ್ಲ.

“ಹೇಳದಂಗ ಹೋಗಿ ಅಬ್ಬಾನ್ನ ಚಕಿತ ಮಾಡೂಣಂತ ಹೋಗಿದ್ದೆ ಅಕ್ಕಾ. ಅಬ್ಬಾ ನನ್ನ ಮಾರಿನ ನೋಡಿ, ‘ಸೋಮವ್ವಾ, ಕೆಂಪ ರೇಷ್ಮಿ ಅಲ್ಲೇ ಇಟ್ಟ ಹೋಗವಾ’ ಅಂದ್ರು. ನಾ ಎರಡ ಹೆಜ್ಜಿ ಅವರ ಬಲಗಣ್ಣಿನ ಕಡೆ ಸರದೆ. ಅವರ ಕಣ್ಣ ನನ್ನ ಹಿಂದ ಬರಲಿಲ್ಲ. ನಾ ಹೊಡದ ಕಣ್ಣ ಅದು.”

ಮುಂದಿನ ಬಸ್ಸಿಗೇ ವಾಪಸ್ ಬಂದಳಂತೆ. ಕೂಡಲಸಂಗಮದ ಕ್ರಾಸಿನಲ್ಲಿ ಬಸ್ಸು ನಿಂತಾಗ ಇಳಿದು, ಬಸ್ಸು ಹೋದ ಮೇಲೂ ಅಲ್ಲೇ ಕುಳಿತಿದ್ದಳಂತೆ. ಅಂದಿನಿಂದ ಈ ತನಕ ನನಗೊಂದು ಮಾತು ಹೇಳಿರಲಿಲ್ಲ. “ನಿಮಗೂ ಗೊತ್ತಿತ್ತಲ್ಲಕ್ಕಾ” ಎಂದು ಮಾತ್ರ ಕೇಳಿದಳು.

ನಿಮ್ಮ ಮೇಲೆ ಸಿಟ್ಟು ಮಾಡಲು ಹೊರಟರೆ ಅಳು ಬರುತ್ತದೆ. ಜನವರಿಯಲ್ಲಿ ಇನ್ನೊಂದು ಆಯ್ಕೆ ಇದೆ. ಅವಳ ಹೆಸರು ಕೊಟ್ಟಿದ್ದೇನೆ. ಈಗ ಅವಳನ್ನು ನೀವು ಕರೆಯಬೇಕು, ನಾನಲ್ಲ.

ದಾನೇಶ್ವರಿ

*

ಇಳಕಲ್
1 ಡಿಸೆಂಬರ್ 2024

ನನ್ನ ಅರ್ಜು,

ನಿನ್ನ ಅಮ್ಮಿ ಹಾಳೆಯ ಮೇಲೆ ಅಡಿಪಟ್ಟಿ ಹಿಡಿದಿದ್ದಾಳೆ, ಅದರ ಅಂಚಿಗೆ ಕೈ ತಾಗಿಸಿಕೊಂಡು ಬರೆಯುತ್ತಿದ್ದೇನೆ. ಇನ್ನು ಚಷ್ಮಾದ ಸುಳ್ಳು ಹೇಳಬೇಕಿಲ್ಲ. ಅಷ್ಟಾದರೂ ಹಗುರಾಯಿತು.

ನೀನು ಬಾಗಿಲಲ್ಲಿದ್ದೆ, ನಾನು ರೇಷ್ಮೆ ಇಟ್ಟು ಹೋಗು ಎಂದೆ. ಕಣ್ಣು ಹೋದಾಗ ಅತ್ತಿರಲಿಲ್ಲ. ದಾನೇಶ್ವರಿಯ ಕಾಗದ ಕೇಳಿ ಅತ್ತೆ. ಮಗಳ ವಾಸನೆ, ಉಸಿರು, ನಿಲ್ಲುವ ರೀತಿ, ಇದರಲ್ಲಿ ಒಂದಾದರೂ ನನಗೆ ತಿಳಿಯಬೇಡವೇ?

ಆ ರೆಫ್ರಿ ನಿನಗೆ ಕೊಟ್ಟ ವಾರ್ನಿಂಗ್ ಸರಿಯಾದದ್ದು. ಅದೇ ವಾರ್ನಿಂಗ್ ಆವತ್ತು ಮನೆಯಲ್ಲಿ ನನಗೆ ಸಿಗಬೇಕಿತ್ತು. ಬಗ್ಗಿದವನು ನಾನು. ನಿನ್ನ ಕೈ ನಿಲ್ಲಬೇಕಾದ ಜಾಗದಲ್ಲೇ ನಿಲ್ಲುತ್ತಿತ್ತು, ಆ ಜಾಗಕ್ಕೆ ನಾನು ಮುಖ ತಂದಿಟ್ಟೆ. ನಿಯಮ ಹೀಗೆ ಹೇಳುತ್ತದೆ, ನಿನ್ನನ್ನು ಸಮಾಧಾನ ಮಾಡಲು ಹೇಳುತ್ತಿಲ್ಲ. ನಾನು ಪುಕ್ಕಟೆ ಏನನ್ನೂ ಕೊಡುವುದಿಲ್ಲ ಎಂಬುದು ನಿನಗೆ ಗೊತ್ತು.

ಮನೆಗೆ ಬಾ. ಎಳೆ ಮತ್ತೆ ಕಟ್ಟೋಣ. ಒಂದು ತುದಿ ಕಂಬಕ್ಕೆ, ಇನ್ನೊಂದು ನನ್ನ ಬೆರಳಿಗೆ. ಮುಟ್ಟಿದರೆ ಬೆರಳಿಗೆ ಗೊತ್ತಾಗುತ್ತದೆ, ಕಣ್ಣು ಬೇಕಾಗಿಲ್ಲ. ನಿನ್ನ ಕೈ ಹೋಯಿತು ಎಂದರೆ ನನ್ನ ಕಣ್ಣು ಸುಮ್ಮನೆ ಹೋದಂತಾಗುತ್ತದೆ ಬೇಟಾ.

ಈ ಸಲ ಬಾಗಿಲಲ್ಲಿ ನಿಂತರೆ “ಅಬ್ಬಾ” ಎಂದು ಕರೆ.

ಇಮಾಮಹುಸೇನ

*

ಇಳಕಲ್
16 ಡಿಸೆಂಬರ್ 2024

ದಾನೇಶ್ವರಿ ಅಕ್ಕಾ,

ಜನವರಿಯ ಪಟ್ಟಿಯಿಂದ ನನ್ನ ಹೆಸರು ತೆಗೆದುಬಿಡಿ. ನನ್ನ ಗ್ಲೌಜ್ ಹಾಸ್ಟೆಲ್ಲಿನಲ್ಲೇ ಇವೆ, ಬೇಕಾದ ಹುಡುಗಿಗೆ ಕೊಡಿ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಇತ್ತು, ಈಗಿಲ್ಲ.

ಬಂದ ದಿನ ಬಾಗಿಲಲ್ಲಿ ಕರೆದೆ. ಅಬ್ಬಾ ಮಗ್ಗದಿಂದ ಇಳಿಯುವ ಅವಸರದಲ್ಲಿ ಎಡವಿದರು. ಅಮ್ಮಿ ಹಿಡಿದುಕೊಂಡಳು. ಆಮೇಲೆ ಮೂವರೂ ತುಂಬ ಹೊತ್ತು ಅತ್ತೆವು. ಅತ್ತು ಮುಗಿದ ಮೇಲೆ ಅಮ್ಮಿ ಚಹಾ ಮಾಡಿದಳು. ಈಗ ಸೆರಗಿನ ಕೊಂಡಿ ಹಾಕುವುದನ್ನು ಅವಳಿಂದ ಕಲಿಯುತ್ತಿದ್ದೇನೆ. ತಪ್ಪಾದರೆ ಅಬ್ಬಾ ಬೆರಳಿನಿಂದ ಮುಟ್ಟಿಯೇ ಹೇಳುತ್ತಾರೆ, “ಇಲ್ಲಿ ಒಂದ ಎಳಿ ಬಿಟ್ಟೀ ನೋಡು.”

ಅಬ್ಬಾ ಸಂಜೆ ನಡೆಸುತ್ತಿದ್ದ ಚಿಕ್ಕ ಮಕ್ಕಳ ಕ್ಲಾಸು ನಿಂತುಹೋಗಿತ್ತು. ಅದನ್ನು ಮತ್ತೆ ಶುರು ಮಾಡಿದ್ದೇನೆ. ಎಲ್ಲರೂ ಹದಿನಾಲ್ಕರ ಒಳಗಿನವರು. ಅವರು ಮುಖಕ್ಕೆ ಮುಟ್ಟುವ ಹಾಗೇ ಇಲ್ಲ. ದೂರದಲ್ಲಿ ನಿಲ್ಲಿಸುವುದನ್ನು ನಾನು ಚೆನ್ನಾಗಿ ಕಲಿಸಬಲ್ಲೆ ಅಕ್ಕಾ. ನನಗೆ ಉಳಿದಿರುವ ಕೈ ಅದೊಂದೇ.

ನಿಮಗೆ ಹೇಳಲೇಬೇಕಾದದ್ದು ಇನ್ನೊಂದಿದೆ. ನಿನ್ನೆ ಮಕ್ಕಳು ಹೋದ ಮೇಲೆ ಅಬ್ಬಾ ಎಳೆ ಕಟ್ಟಿಸಿದರು. ಒಂದು ತುದಿ ಕಂಬಕ್ಕೆ, ಇನ್ನೊಂದನ್ನು ತಮ್ಮ ತೋರುಬೆರಳಿಗೆ ಸುತ್ತಿಕೊಂಡು ಬಿಗಿಯಾಗಿ ಹಿಡಿದರು. “ಹೊಡಿ” ಎಂದರು. ಹೊಡೆದೆ. ಕೈ ಅಲ್ಲೇ ನಿಂತಿತು, ನೀವು ಆವತ್ತು ನೋಡಿದ ಜಾಗದಲ್ಲೇ. ಇನ್ನೊಮ್ಮೆ ಹೊಡೆದೆ. ಹಲ್ಲು ಕಚ್ಚಿ ಹೊಡೆದೆ, ಕಣ್ಣು ಮುಚ್ಚಿಕೊಂಡೂ ಹೊಡೆದೆ. ಎಳೆಯ ತನಕ ಹೋಗಲೇ ಇಲ್ಲ. ಅಬ್ಬಾ ಬೆರಳು ಚಾಚಿಕೊಂಡು ಕಾಯುತ್ತಿದ್ದರು. ಕೊನೆಗೆ ನಾನು ಕೈ ಇಳಿಸಿಬಿಟ್ಟೆ. ಅಬ್ಬಾಗೆ ಅದು ಕಾಣಲಿಲ್ಲ, ಆದರೆ ನನ್ನ ಉಸಿರು ಕೇಳಿರಬೇಕು.

“ಮುಟ್ತು” ಎಂದರು. “ಪಾಯಿಂಟ್. ಸಾಕಿನ್ನ, ಉಣ್ಣಾಕ ನಡಿ.”

ಎಳೆ ನಡುಗಿರಲಿಲ್ಲ ಅಕ್ಕಾ. ಆ ಬೆರಳಿಗೆ ಅದು ಗೊತ್ತಿತ್ತು, ನನಗೂ ಗೊತ್ತಿತ್ತು. ಯಾರಿಗೂ ಪುಕ್ಕಟೆ ಪಾಯಿಂಟ್ ಕೊಡದ ನನ್ನ ಅಬ್ಬಾ ಕೊಟ್ಟುಬಿಟ್ಟರು. ಆಟ ಮುಗಿದಾಗ ಮಾಡುವಂತೆ ಬಾಗಿ ನಮಸ್ಕರಿಸಿದೆ. ಕಂಡಿರಲಿಕ್ಕಿಲ್ಲ ಎಂದು ನೆನಪಾಗಿ, “ನಮಸ್ಕಾರ ಮಾಡೇನ್ರಿ ಅಬ್ಬಾ” ಎಂದೆ.

ಅಬ್ಬಾ ಎಳೆ ಬಿಚ್ಚಿ, ಎರಡೂ ಕೈ ತೊಡೆಗೆ ಒತ್ತಿಕೊಂಡು ನೆಟ್ಟಗೆ ನಿಂತು ತಾವೂ ಬಾಗಿದರು. ನಾನಿದ್ದ ಕಡೆಗಲ್ಲ, ಕಂಬದ ಕಡೆಗೆ. ಅವರು ತಲೆ ಎತ್ತುವ ಮೊದಲು ನಾನು ಸದ್ದಿಲ್ಲದೆ ಸರಿದು ಆ ಕಂಬದ ಮುಂದೆ ಹೋಗಿ ನಿಂತೆ.

ನಿಮ್ಮ
ಅರ್ಜು